ಅರಗಿನ ಫ್ಲೋಟು

ಎಷ್ಟು ತಟ್ಟಿದರೂ ಪೆಟ್ರೋಲು ತೊಟ್ಟಿಕ್ಕುವುದು ನಿಲ್ಲಲಿಲ್ಲ. ಕಾರ್ಬೊರೇಟರಿನ ಬುಡಕ್ಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೊಂದು, ಜೋರಾಗೊಂದು ಏಟು ಕೊಟ್ಟು ನೋಡಿದ ಅನಂತರಾಜು, ಕೊನೆಗೆ ಟ್ಯಾಂಕಿನ ಕೆಳಗಿನ ನಲ್ಲಿಯನ್ನೇ ಮುಚ್ಚಿದ. ಅಂಗಡಿ ಮುಂದಿನ ಮಣ್ಣು ಅಷ್ಟರಲ್ಲಿ ಮೊರದಗಲ ಒದ್ದೆಯಾಗಿತ್ತು. ಸುತ್ತ ನಿಂತಿದ್ದ ನಾಲ್ಕೈದು ಜನ ಮೂಗು ಮುಚ್ಚಿಕೊಂಡರೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಹಳೇ ಗಾಡಿಯ ಮುಂದೆ ಅನಂತರಾಜು ಸೋಲುವುದನ್ನು ನೋಡುವ ಭಾಗ್ಯ ಚನ್ನಪಟ್ಟಣದವರಿಗೆ ದಿನಾ ಸಿಗುತ್ತದೆಯೇ!

"ಮಾಗಡಿ ಸೇರೋಕೂ ಬಿಡಲಿಲ್ಲ ಕಣಪ್ಪ," ಎಂದರು ಅಂಕಯ್ಯ ಮೇಷ್ಟ್ರು, ಪ್ಯಾಂಟಿನ ತುದಿ ಹಿಂಡುತ್ತಾ. "ಕುದೂರು ಬಿಟ್ಟು ಅರ್ಧ ದಾರಿಗೆ ಬರೋದ್ರೊಳಗೆ ಕಾಲೆಲ್ಲ ಪೆಟ್ರೋಲು. ಬೀಡಿ ಹಚ್ಚೋನು ಯಾವನಾದ್ರೂ ಪಕ್ಕಕ್ಕೆ ಬಂದಿದ್ರೆ ನನ್ನ ಕಥೆ ಅಲ್ಲೇ ಮುಗೀತಿತ್ತು. ಲಗೇಜ್ ಆಟೋಲಿ ಹಾಕ್ಕೊಂಡು ಬಂದೆ."

ಮೇಷ್ಟ್ರದು ರಾಜದೂತ್ ಬೈಕು. ಕೆಲಸಕ್ಕೆ ಸೇರಿದ ವರ್ಷ ಕೊಂಡದ್ದು. ಅವರು ರಿಟೈರಾದರೂ ಗಾಡಿಗೆ ರಿಟೈರ್ಮೆಂಟ್ ಇಲ್ಲ. ಮಾಗಡಿ ಸೀಮೆಯ ಮೆಕ್ಯಾನಿಕ್ಕುಗಳೆಲ್ಲ ಕೈಯೆತ್ತಿದ ಮೇಲೆ ಅದು ಅನಂತರಾಜುವಿನ ಪಾಲಿಗೆ ಬಂದಿತ್ತು. ಕೆಟ್ಟದ್ದು ಕಾರ್ಬೊರೇಟರಿನ ಫ್ಲೋಟು. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲಿ ನಲ್ಲಿ ಮುಚ್ಚುವುದಿಲ್ಲವೇ, ಅದೇ ಕೆಲಸ ಮಾಡುವ ಒಂದು ಪುಟ್ಟ ಟೊಳ್ಳು ಡಬ್ಬಿ. ಮೇಷ್ಟ್ರ ಗಾಡಿಯ ಹಿತ್ತಾಳೆ ಡಬ್ಬಿ ಸೀಳು ಬಿಟ್ಟು, ಬೆಸುಗೆಯ ಮೇಲೆ ಬೆಸುಗೆ ಹಾಕಿಸಿಕೊಂಡು, ತೇಲುವ ಬದಲು ಮುಳುಗತೊಡಗಿತ್ತು. ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಮೈಸೂರಿಗೂ ಹೋಗಿಬಂದ ಮೇಲೆ ಅನಂತರಾಜುವಿಗೆ ಹೊಳೆದದ್ದು ಮರದ ಫ್ಲೋಟು. ಊರ ತುಂಬ ಗೊಂಬೆ ಕಡೆಯುವವರಿರುವಾಗ ಒಂದು ಡಬ್ಬಿ ಕಡೆಸುವುದು ಯಾವ ದೊಡ್ಡ ಮಾತು?

ಕಡೆದುಕೊಟ್ಟವಳು ಕಲಾನಗರದ ಶರ್ಫುನ್ನೀಸಾ. ಮೊಟ್ಟೆಚಿಪ್ಪಿನಷ್ಟು ತೆಳ್ಳಗೆ ಎರಡು ಬಟ್ಟಲು ಕಡೆದು, ಬಾಯಿಗೆ ಬಾಯಿ ಕೂಡಿಸಿ, ಸಂದು ಕಾಣದ ಹಾಗೆ ಕೆಂಪು ಅರಗು ಹಾಕಿ ಕೊಟ್ಟಿದ್ದಳು. ಎಷ್ಟು ಚೆನ್ನಾಗಿ ತೇಲಿತ್ತು ಅದು! ಮೂರು ವಾರದ ಹಿಂದೆ ಇದೇ ಅಂಗಡಿ ಮುಂದೆ ಜನ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ್ದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ್ದ. "ಎಲ್ಲಿ ಮಾಡಿಸಿದ್ರಿ ರಾಜಣ್ಣ?" ಎಂದು ಕೇಳಿದವರಿಗೆ ಅವನು ಮೀಸೆಯಡಿ ನಕ್ಕು, "ತಲೆ ಓಡುಸ್ಬೇಕು ಕಣ್ಲಾ, ತಲೆ," ಎಂದಿದ್ದ. ಶರ್ಫುನ್ನೀಸಾಳ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ.

ಈಗ ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ನೋಡಿದರೆ ತಳದಲ್ಲಿ ಕೆಂಪಗೆ, ಬೆಲ್ಲದ ಪಾಕದ ಹಾಗೆ ಅಂಟು. ಫ್ಲೋಟಿನ ಮೈಮೇಲೆ ಹೊಳಪಿಲ್ಲ, ಸಂದು ಬಾಯಿ ಬಿಟ್ಟಿದೆ, ಒಳಗೆಲ್ಲ ಪೆಟ್ರೋಲು ಕುಡಿದು ಕಲ್ಲಿನ ಹಾಗೆ ಕೂತಿದೆ.

"ಇದೇನ್ ರಾಜಣ್ಣ, ನಿನ್ ತಲೆ ಕರಗೋಗೈತೆ!" ಎಂದ ಟೀ ಅಂಗಡಿಯ ಜಯಕುಮಾರ್. ನಿಂತವರೆಲ್ಲ ಗೊಳ್ಳೆಂದರು.

ಆ ನಗು ಕಿವಿಗೆ ಬಿದ್ದದ್ದೇ ತಡ, ಅನಂತರಾಜುವಿನ ಬಾಯಿ ತಾನಾಗಿ ಓಡಿತು. "ನನ್ ಕೆಲ್ಸ ಅಲ್ಲ ಮೇಷ್ಟ್ರೇ ಇದು. ಕಲಾನಗರದ ಶರ್ಫುನ್ನೀಸಾ ಮಾಡ್ಕೊಟ್ಟಿದ್ದು. ಅಸಲಿ ಅರಗು ಅಂದ್ಬುಟ್ಟು ಎಂಥದೋ ಪೇಂಟ್ ಬಳ್ದವ್ರೆ. ಅಸಲಿ ಆಗಿದ್ರೆ ಹಿಂಗ್ ಕರಗ್ತಿತ್ತಾ?"

ಮೇಷ್ಟ್ರ ಮುಖ ಗಂಭೀರವಾಯಿತು. "ಶರ್ಫುನ್ನೀಸಾನಾ? ಅಲ್ಲಯ್ಯ, ನಮ್ಮ ಸೊಸೆ ರಮ್ಯಾ ಮನೇಲೇ ನಡೆಸೋ ಶಿಶುವಿಹಾರಕ್ಕೆ ಆಟದ ಸಾಮಾನೆಲ್ಲ ಆಕೆಗೇ ಹೇಳಿರೋದು. ಗಿಲಕಿ, ಎಣಿಸೋ ಮಣಿ, ಎಲ್ಲ. ಕೂಸುಗಳು ಬಾಯಿಗೆ ಹಾಕ್ಕೊಳ್ಳೋ ಸಾಮಾನು ಅಂತ ಅಸಲಿ ಅರಗೇ ಬೇಕು ಅಂದಿದ್ಲು."

ಮಾತು ವಾಪಸ್ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಏಕೆಂದರೆ ನಿಜ ಏನೆಂದು ಅನಂತರಾಜುವಿಗೆ ಗೊತ್ತಿತ್ತು. ಫ್ಲೋಟು ಕೈಗೆ ಕೊಡುವಾಗ ಶರ್ಫುನ್ನೀಸಾ ಕೇಳಿದ್ದಳು: "ಈಗಿನ ಪೆಟ್ರೋಲಿಗೆ ಸ್ಪಿರಿಟ್ ಸೇರಿಸ್ತಾರಂತಲ್ಲ ರಾಜಣ್ಣ? ಅರಗಿಗೆ ಸ್ಪಿರಿಟ್ ಆಗಲ್ಲ. ಸ್ವಲ್ಪ ನೆನೆಸಿಟ್ಟು ನೋಡಿ ಆಮೇಲೆ ಹಾಕಿ." ಅವನು ನಕ್ಕಿದ್ದ. "ಪೆಟ್ರೋಲ್ ವಿಷ್ಯ ನಂಗ್ ಬುಡಿ ಆಪಾ. ನೀವು ಗೊಂಬೆ ನೋಡ್ಕೊಳಿ," ಎಂದಿದ್ದ. ನೆನೆಸಿಟ್ಟು ನೋಡಿರಲಿಲ್ಲ.

ಈಗ ಬಾಯಿ ತೆರೆದ. ಆದರೆ ಹೊರಬಂದದ್ದು ಬೇರೆಯೇ. "ನೋಡ್ಕಂಡ್ ಮಾಡಿ ಮೇಷ್ಟ್ರೇ. ಮಕ್ಳ ವಿಷ್ಯ," ಎಂದುಬಿಟ್ಟ.

ಅವತ್ತು ಮಧ್ಯಾಹ್ನದ ಅನ್ನ ಅವನಿಗೆ ಸೇರಲಿಲ್ಲ. ಗಾಡಿ ರಿಪೇರಿ ಮಾಡಿ ತಾನೇ ಕುದೂರಿಗೆ ತಂದುಕೊಡುತ್ತೇನೆಂದು ಮೇಷ್ಟ್ರನ್ನು ಬಸ್ಸು ಹತ್ತಿಸಿ ಕಳಿಸಿದ. ಒಂದು ಹೆಂಗಸಿನ ಹೆಸರು ಹೇಳಿಕೊಂಡು ಪಾರಾದೆನಲ್ಲ, ಥೂ, ಎಂದು ತನಗೆ ತಾನೇ ಬೈದುಕೊಂಡ. ಬೈದುಕೊಂಡದ್ದೇ ಸಾಕು ಎನ್ನುವ ಹಾಗೆ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ, ಅವನ ಭಂಡತನಕ್ಕೆ ಏನು ಹೇಳುವುದು, ಇನ್ನೊಂದು ಫ್ಲೋಟು ಮಾಡಿಸೋಣವೆಂದು ಶರ್ಫುನ್ನೀಸಾಳ ಬಾಗಿಲಿಗೇ ಹೋಗಿ ನಿಂತ. ಈ ಸಲ ಬರೀ ಮರ, ಮೇಲೆ ಬೇರೆ ಏನಾದರೂ ಬಳಿದುಕೊಂಡರಾಯಿತು ಎಂಬುದು ಅವನ ಎಣಿಕೆ.

ಯಾವಾಗಲೂ ತಿರುಗುತ್ತಿದ್ದ ಲೇತು ನಿಂತಿತ್ತು. ಶರ್ಫುನ್ನೀಸಾ ನೆಲದ ಮೇಲೆ ಕೂತು, ಕಟ್ಟಿ ಮುಗಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಒಳಗೆ ಕೆಂಪು, ಹಳದಿ, ಹಸಿರು ಗಿಲಕಿಗಳು.

"ಬನ್ನಿ ರಾಜಣ್ಣ," ಎಂದು ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿ, ಒಳಗೆ ತಿರುಗಿ "ಬದ್ರೂ, ರಾಜಣ್ಣಂಗೆ ಚಾ," ಎಂದು ಕೂಗಿದಳು. ಅವನು ಬಂದಾಗಲೆಲ್ಲ ಅದೇ ಕ್ರಮ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಒಳಗಿದ್ದ ತಂಗಿ ಬದ್ರುನ್ನೀಸಾ ಪಾತ್ರೆ ಇಟ್ಟ ಸದ್ದು ಕೇಳಿಸಿತು.

"ಇದ್ಯಾಕ್ ಆಪಾ, ಬಿಚ್ತಾ ಇದೀರಾ?"

"ಕುದೂರು ಶಿಶುವಿಹಾರದವ್ರು ಬೇಡ ಅಂದ್ರು. ನಂದು ಅರಗಲ್ಲ, ಪೇಂಟು, ಅಂತ ಯಾರೋ ಹೇಳಿದಾರೆ." ಅವಳು ಒಂದು ಗಿಲಕಿ ಎತ್ತಿ ಅಲ್ಲಾಡಿಸಿದಳು. "ಒಂದು ಸ್ಕೂಲ್ ಬೇಡ ಅಂದ್ರೆ ಇರ್ಲಿ. ಮಕ್ಕಳ ಬಾಯಿಗೆ ವಿಷ ಕೊಡ್ತಾಳೆ ಅಂತ ಮಾತು ಹುಟ್ತಲ್ಲ, ಅದು ಮಾಗಡಿಗೂ ಹೋಗತ್ತೆ, ರಾಮನಗರಕ್ಕೂ ಹೋಗತ್ತೆ. ಆಮೇಲೆ ನನ್ನ ಕೈಯಿಂದ ಯಾರು ತಗೋತಾರೆ?"

ಅನಂತರಾಜು ಕೈ ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ಹಾಕಿದ. ಅಳತೆಗೆಂದು ತಂದಿದ್ದ ಹಳೇ ಫ್ಲೋಟು ಜೇಬಿನ ಬಟ್ಟೆಗೆ ಅಂಟಿಕೊಂಡಿತ್ತು. ಎಳೆದು ತೆಗೆದರೆ ಬೆರಳೆಲ್ಲ ಕೆಂಪು.

ಶರ್ಫುನ್ನೀಸಾ ಫ್ಲೋಟನ್ನೂ ನೋಡಿದಳು, ಅವನ ಬೆರಳನ್ನೂ ನೋಡಿದಳು. ಎದ್ದು ಗೂಡಿನಿಂದ ಬಾಟಲಿ ತೆಗೆದು, ಬಟ್ಟೆಚೂರಿಗೆ ತುಸು ಸ್ಪಿರಿಟ್ ಹನಿಸಿ ಅವನ ಕೈಗೆ ಕೊಟ್ಟಳು. "ಸೋಪಿಗೆ ಹೋಗಲ್ಲ ಅದು. ಇದ್ರಲ್ಲಿ ಒರೆಸಿ."

ಒರೆಸಿದ. ಕೆಂಪು ಕರಗಿ ಬಟ್ಟೆಗೆ ಬಂತು, ಬೆರಳು ಮೊದಲಿನಂತಾಯಿತು.

"ಅಸಲಿ ಅರಗು. ಅದಕ್ಕೇ ಹೋಯ್ತು," ಎಂದಳು. "ನೀವು ಒಂದು ಮಾತು ಹೇಳಿ ರಾಜಣ್ಣ. ಆ ಮೇಷ್ಟ್ರು ನಿಮ್ಮ ಗಿರಾಕಿ ಅಲ್ವಾ? ನೀವು ಹೇಳಿದ್ರೆ ಕೇಳ್ತಾರೆ."

ಅಷ್ಟರಲ್ಲಿ ಚಹಾ ಬಂತು. ಬಾಯಿ ಸುಟ್ಟರೂ ಒಂದೇ ಗುಟುಕಿಗೆ ಕುಡಿದು, "ಹೇಳ್ತೀನಿ ಆಪಾ," ಎಂದು ಎದ್ದವನು ರಸ್ತೆ ಸೇರುವವರೆಗೂ ತಲೆ ಎತ್ತಲಿಲ್ಲ. ನಾನೇ ಆಪಾ ಹೇಳಿದ್ದು, ಎನ್ನುವ ಮೂರು ಪದ ನಾಲಗೆಯ ಮೇಲೇ ಕೂತಿದ್ದವು, ಉಗುಳಲಾಗಲಿಲ್ಲ.

ಅಂಗಡಿಯ ಹಿಂದೆ ಟಾರ್ಪಾಲು ಹೊದ್ದು ನಿಂತಿದ್ದದ್ದು ಅವನ ಅಪ್ಪ ಚೆಲುವಯ್ಯನ ರಾಜದೂತ್. ಅದರ ಒಂದು ನಟ್ಟನ್ನೂ ಯಾರಿಗೂ ಕೊಡುವುದಿಲ್ಲವೆಂದು ಎಷ್ಟೋ ಗಿರಾಕಿಗಳನ್ನು ಗದರಿಸಿ ಕಳಿಸಿದ್ದ. ಅವತ್ತು ಸಂಜೆ ಟಾರ್ಪಾಲು ಸರಿಸಿ, ಕಾರ್ಬೊರೇಟರು ಬಿಚ್ಚಿ, ಹಿತ್ತಾಳೆಯ ಫ್ಲೋಟನ್ನು ತೆಗೆದು ಮೇಷ್ಟ್ರ ಗಾಡಿಗೆ ಹಾಕಿದ. ಹಾಕುವಾಗ ಮನಸ್ಸು ಒಂದು ಸುಳ್ಳು ಸಮಾಧಾನ ಹೇಳಿತು: ಇಷ್ಟು ಕೊಟ್ಟ ಮೇಲೆ ಬಾಯಿಬಿಟ್ಟು ಹೇಳುವ ಅಗತ್ಯವೇನು? ಅರಗು ಅಸಲಿಯಂತೆ, ವಿಚಾರಿಸಿದೆ, ಎಂದರೆ ಸಾಕು. ಯಾರ ತಲೆಯೂ ತಗ್ಗುವುದಿಲ್ಲ.

ಆ ಸಮಾಧಾನವನ್ನು ಹೊತ್ತುಕೊಂಡೇ ಮಾರನೆಯ ದಿನ ರಾಮನಗರ, ಮಾಗಡಿ ದಾಟಿ ಕುದೂರಿಗೆ ಹೋದ. ಗಾಡಿ ಒಂದು ಹನಿ ಚೆಲ್ಲಲಿಲ್ಲ. ಶಿಶುವಿಹಾರದ ಅಂಗಳದಲ್ಲಿ ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದು ನಿಂತಿದ್ದರು. ಎಂಜಿನ್ನಿನ ಸದ್ದಿಗೇ ಹೊರಗೆ ಬಂದ ಅಂಕಯ್ಯ ಮೇಷ್ಟ್ರು ಬಗ್ಗಿ ಕಾರ್ಬೊರೇಟರನ್ನು ನೋಡಿ, ನೆಲ ನೋಡಿ, ಅವನ ಬೆನ್ನು ತಟ್ಟಿದರು.

"ಹಿತ್ತಾಳೆದು ಎಲ್ಲಿ ಸಿಕ್ತಯ್ಯ?"

"ಅಪ್ಪನ ಗಾಡೀದು ಮೇಷ್ಟ್ರೇ."

"ನೋಡಮ್ಮ ರಮ್ಯಾ, ನೋಡು! ತಂದೆ ಗಾಡೀನೇ ಬಿಚ್ಚಿ ಕೊಟ್ಟಿದಾನೆ. ಆವತ್ತೇ ಹೇಳಲಿಲ್ವಾ, ಇವನು ಎಚ್ಚರಿಸದೇ ಇದ್ದಿದ್ರೆ ಆ ಸಾಮಾನು ನಮ್ಮ ಮಕ್ಕಳ ಬಾಯಿಗೆ ಹೋಗ್ತಿತ್ತು ಅಂತ? ಇಂಥವರು ಈಗೆಲ್ಲಪ್ಪ ಸಿಗ್ತಾರೆ!"

ತಾಯಂದಿರೆಲ್ಲ ಅವನ ಕಡೆ ತಿರುಗಿದರು. ಒಬ್ಬಾಕೆ ಕೈಯನ್ನೂ ಮುಗಿದಳು. ರಮ್ಯಾ ಮಜ್ಜಿಗೆ ತಂದು, "ತಗೊಳ್ಳಿ ಅಣ್ಣ," ಎಂದು ಲೋಟ ಚಾಚಿದಳು. ಆ ಲೋಟ ಮುಟ್ಟಲು ಅವನಿಗೆ ಕೈ ಬರಲಿಲ್ಲ. ಟೀ ಅಂಗಡಿಯ ಮುಂದೆ ನಕ್ಕವರ ನಗುವೇ ವಾಸಿಯಾಗಿತ್ತು. ಈ ಹೊಗಳಿಕೆ ಮೈಮೇಲೆ ಕೆಂಡ ಸುರಿದ ಹಾಗಿತ್ತು.

"ಬ್ಯಾಡಿ ತಾಯಿ," ಎಂದ. "ಸುಳ್ ಹೇಳ್ದೆ ನಾನು."

"ಏನು?" ಎಂದರು ಮೇಷ್ಟ್ರು.

"ಶರ್ಫುನ್ನೀಸಾರದು ಅಸಲಿ ಅರಗೇ ಮೇಷ್ಟ್ರೇ. ಪೆಟ್ರೋಲಲ್ಲಿ ಸ್ಪಿರಿಟ್ ಐತೆ, ಅದ್ಕೇ ಕರಗ್ತು. ಮೊದ್ಲೇ ಹೇಳಿದ್ರು ಅವ್ರು, ನೆನೆಸಿಟ್ಟು ನೋಡಿ ಅಂತ. ನಾನೇ ದೊಡ್ಡ್ ಮನ್ಸ ಅಂತ ಕೇಳ್ಲಿಲ್ಲ. ಜನ ನಗಾಡಿದ್ರು, ಮರ್ವಾದೆ ಹೋಯ್ತದೆ ಅಂತ ಅವ್ರ್ ಮ್ಯಾಲೆ ಹಾಕ್ಬುಟ್ಟೆ." ತಾಯಂದಿರ ಕಡೆಗೂ ತಿರುಗಿದ. "ಎಲ್ರೂ ಕೇಳುಸ್ಕಳಿ ಅಂತ್ಲೇ ಇಲ್ಲಿ ಹೇಳ್ತಾ ಇವ್ನಿ."

ಅಂಗಳದಲ್ಲಿ ಯಾವುದೋ ಮಗು ಚಪ್ಪಲಿ ಬೇಕೆಂದು ಹಟ ಹಿಡಿದಿತ್ತು. ಕೈ ಮುಗಿದಿದ್ದ ಹೆಂಗಸು ಮುಖ ತಿರುಗಿಸಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ತಪ್ಪು ಮಾಡಿ ಪಕ್ಕದವನ ಕಡೆ ಬೆರಳು ತೋರಿಸೋ ಹುಡುಗ್ರನ್ನ ಮೂವತ್ತೈದು ವರ್ಷ ನೋಡಿದೀನಿ ರಾಜು," ಎಂದರು. "ನಿನ್ನ ವಯಸ್ಸಿಗೆ..." ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋದರು.

ರಮ್ಯಾ ಮಜ್ಜಿಗೆಯ ಲೋಟವನ್ನು ಜಗುಲಿಯ ಮೇಲಿಟ್ಟು ಫೋನು ತೆಗೆದಳು. "ಸಾಮಾನು ಕಳಿಸಿ ಅಂತ ಈಗಲೇ ಹೇಳ್ತೀನಿ," ಎಂದಳು. ಅಣ್ಣ ಎಂಬ ಮಾತು ಅದರ ಜೊತೆ ಬರಲಿಲ್ಲ.

ಕುದೂರಿನಿಂದ ಎರಡು ಬಸ್ಸು ಬದಲಿಸಿ ಚನ್ನಪಟ್ಟಣಕ್ಕೆ ಬಂದವನು ಅಂಗಡಿಗೆ ಹೋಗದೆ ನೇರ ಕಲಾನಗರಕ್ಕೆ ನಡೆದ. ಇನ್ನೊಂದು ಕಡೆ ಹೇಳುವುದು ಬಾಕಿಯಿತ್ತು. ದೂರದಿಂದಲೇ ಲೇತಿನ ಸದ್ದು ಕೇಳಿಸಿತು. ಶರ್ಫುನ್ನೀಸಾ ತಿರುಗುವ ಮರಕ್ಕೆ ಹಳದಿ ಅರಗಿನ ಕಡ್ಡಿ ಒತ್ತುತ್ತಿದ್ದಳು. ಅವನು ಹೊಸ್ತಿಲಲ್ಲಿ ನಿಂತ. ಬಣ್ಣ ಪೂರ್ತಿ ಹತ್ತುವ ತನಕ ಅವಳು ಕತ್ತೆತ್ತಲಿಲ್ಲ. ಆಮೇಲೆ ಲೇತು ನಿಲ್ಲಿಸಿದಳು.

"ಆಪಾ, ಮೇಷ್ಟ್ರುಗೆ ಆ ಮಾತು ಹೇಳಿದ್ದು ನಾನೇ."

"ಗೊತ್ತು."

"ರಮ್ಯಾ ಟೀಚ್ರು ಈಗ ಫೋನ್ ಮಾಡಿದ್ರಾ?"

"ಈಗ್ಲೂ ಮಾಡಿದ್ರು. ಮೊದ್ಲು ಬೇಡ ಅಂದಾಗ್ಲೇ ಹೇಳಿದ್ರು, ಮೆಕ್ಯಾನಿಕ್ ಅನಂತರಾಜು ಹೇಳಿದಾರೆ ಅಂತ."

ಅನಂತರಾಜುವಿಗೆ ನಿಂತ ನೆಲ ಸಾಲದಾಯಿತು. ನಿನ್ನೆ ಸ್ಟೂಲು ತಳ್ಳುವಾಗ, ಬಟ್ಟೆಗೆ ಸ್ಪಿರಿಟ್ ಹನಿಸುವಾಗ, ಚಹಾ ಕೊಡಿಸುವಾಗ, ಆಗೆಲ್ಲ ಇವಳಿಗೆ ಗೊತ್ತಿತ್ತು. "ಗೊತ್ತಿದ್ದೂ ನನ್ನೇ ಕಳ್ಸುದ್ರಾ ಆಪಾ?"

"ಇನ್ಯಾರು ಹೇಳಿದ್ರೆ ನಂಬ್ತಿದ್ರು?" ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಹಾಗೆ ಇಲ್ಲದಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಆಪಾ."

ಶರ್ಫುನ್ನೀಸಾ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಲೇತು ಶುರು ಮಾಡಿದಳು. ಹಳದಿ ಅರಗಿನ ಮೇಲೆ ಹೊಳಪಿಗೆಂದು ತಾಳೆಗರಿ ಒತ್ತುತ್ತಿದ್ದಂತೆ ಮರ ಮಿರಮಿರ ಮಿಂಚತೊಡಗಿತು. ಒಳಗೆ ಬದ್ರುನ್ನೀಸಾ ಪಾತ್ರೆ ತೊಳೆಯುವ ಸದ್ದಿತ್ತು. ಶರ್ಫುನ್ನೀಸಾ ಅತ್ತ ತಿರುಗಿ ಚಾ ಎಂದು ಕೂಗಲಿಲ್ಲ.

ಅವನು ಯಾವಾಗಲೂ ಕೂರುತ್ತಿದ್ದ ಸ್ಟೂಲಿನ ಮೇಲೆ ಇವತ್ತು ಗಿಲಕಿಗಳ ಬುಟ್ಟಿ ಇತ್ತು. ಅದನ್ನು ಇಳಿಸಿ ಕೂತ್ಕೊಳ್ಳಿ ಎಂದು ಅವಳು ಹೇಳಲಿಲ್ಲ. ಇಳಿಸಲು ಅವನೂ ಕೈ ಹಾಕಲಿಲ್ಲ.