ಲಾರಿ ಬ್ಯಾಟರಿಯ ಪರೀಕ್ಷೆ

ವೆಲ್ಡರನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯನ್ನು ಎರಡು ವರ್ಷ ಬೆವರು ಸುರಿಸಿ ತಾನೇ ಕಟ್ಟಿದ್ದ. ಅಂಥವನು ಅದಕ್ಕೆಂದು ಹೊತ್ತು ತಂದ ಲಾರಿ ಬ್ಯಾಟರಿಗೆ ಬ್ಯಾಟರಿ ಅಂಗಡಿಯವಳು "ಇದು ಬೇಡ" ಅಂದರೆ ಮೈ ಉರಿಯದೆ ಇರುತ್ತದೆಯೇ?

"ಲಾರಿಯನ್ನೇ ಎಬ್ಬಿಸೋ ಬ್ಯಾಟರಿ ಕಣಮ್ಮಾ! ನನ್ನ ಹೆಂಡತಿ ಮೂಗಿಗೆ ಒಂದಿಷ್ಟು ಗಾಳಿ ಊದಲ್ವಾ?"

ಹೆಂಡತಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಮಾಸ್ಕಿನಲ್ಲಿ ಗಾಳಿ ಊದುವ ಯಂತ್ರವಿಲ್ಲದೆ ಮಲಗುವ ಹಾಗಿಲ್ಲ. ಆರು ವರ್ಷದಿಂದ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದಂತೆ ಇದ್ದಳು. ಸಮುದ್ರದ ದಂಡೆಯಲ್ಲಿ ಒಂದು ಸಲ ಬೆಳಗಾಗಬೇಕು ಎಂದು ಅಂದಿದ್ದಳು. ಅಷ್ಟಕ್ಕೇ ಈ ಗಾಡಿ ಹುಟ್ಟಿತ್ತು.

"ಅದು ಒಂದೇ ಏಟಿಗೆ ಗುದ್ದೋ ಪೈಲ್ವಾನ್ ಅಣ್ಣಾ. ಇಡೀ ರಾತ್ರಿ ಮಗು ಎತ್ಕೊಂಡು ತಿರುಗು ಅಂದ್ರೆ ಕೈಚೆಲ್ಲಿ ಕೂರುತ್ತೆ."

"ನನಗೇ ಪಾಠ ಹೇಳ್ತೀಯಾ?"

"ಹೇಳಲ್ಲ, ತೋರಿಸ್ತೀನಿ. ರಾತ್ರಿಯಿಡೀ ಇದನ್ನ ಚಾರ್ಜಿಗಿಡ್ತೀನಿ. ಬೆಳಿಗ್ಗೆ ಯಂತ್ರ ತನ್ನಿ. ನಾನು ಸೋತರೆ ಬಾಯಿಗೆ ಬಂದಂಗೆ ಬಯ್ಯಿ."

"ಅದಕ್ಕೆ ನಿನ್ನ ಅಪ್ಪಣೆ ಬೇರೆ ಬೇಕಾ?"

ಮರುದಿನ ವೆಲ್ಡರ್ ನೋಡುತ್ತಿದ್ದಂತೆ ಅಂಗಡಿಯವಳು ಅರ್ಧಕ್ಕೆ ಸಿಕ್ಕಿಕೊಂಡ ಷಟರನ್ನು ಒದ್ದು ತೆರೆದಳು. ಒಂಬತ್ತಕ್ಕೆ ಯಂತ್ರ ಶುರುವಾಯಿತು. ಅವನು ಸ್ಟೂಲಿನ ಮೇಲೆ ಮೀಸೆ ತಿರುವುತ್ತಾ ಕೂತ. ಹನ್ನೆರಡಾಯಿತು. "ನೋಡ್ದ್ಯಾ?" ಎಂದ. ಅವಳು ತಲೆ ಎತ್ತದೆ ಬೇರೆ ಯಾರದೋ ಬ್ಯಾಟರಿಯ ತುಕ್ಕು ಉಜ್ಜುತ್ತಿದ್ದಳು.

ಒಂದೂವರೆಗೆ ಯಂತ್ರ ಎರಡು ಸಲ ಕೂಗಿ ಸುಮ್ಮನಾಯಿತು.

ವೆಲ್ಡರ್ ಸ್ಟೂಲಿನಿಂದ ಎದ್ದ. ಹೆಂಡತಿ ರಾತ್ರಿ ಒಂಬತ್ತಕ್ಕೇ ಮಲಗುವವಳು. ನಡುರಾತ್ರಿ ಒಂದೂವರೆಗೆ ಇದು ಹೀಗೆ ನಿಂತಿದ್ದರೆ, ತಾನು ಪಕ್ಕದಲ್ಲೇ ಕುಂಭಕರ್ಣನಂತೆ ಬಿದ್ದಿರುತ್ತಿದ್ದ.

"ಯಾವುದು ಹಾಕಲಿ, ನೀನೇ ಹೇಳು ತಾಯಿ," ಎಂದ. ದನಿ ಅವನದೇ ಅನ್ನಿಸಲಿಲ್ಲ.

ಅವಳು ಹಂಗಿಸಲಿಲ್ಲ. ರಾತ್ರಿಯಿಡೀ ಒಂದೇ ಸಮನೆ ಕರೆಂಟು ಕೊಡುವ ಲಿಥಿಯಂ ಬ್ಯಾಟರಿ ಇಳಿಸಿದಳು. ಗಾಡಿಯಲ್ಲಿದ್ದ ಹಳೆಯ ಚಾರ್ಜರ್ ಇದಕ್ಕೆ ಆಗದು ಎಂದು ಅದನ್ನೂ ಬದಲಿಸಿದಳು. "ಇದನ್ನೂ ನಂಬಬೇಡಿ. ಮೊದಲು ಅಂಗಳದಲ್ಲೇ ಒಂದು ಹಗಲು ಓಡಿಸಿ ನೋಡಿ."

ಭಾನುವಾರ ಅಂಗಳದಲ್ಲಿ ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿತು. ಊಟವಾದ ಮೇಲೆ ಹೆಂಡತಿ ಗಾಡಿಯೊಳಗೆ ಮಾಸ್ಕ್ ಹಾಕಿಕೊಂಡು ಎರಡು ಗಂಟೆ ಮಲಗಿದಳು. ಅವನು ಮೆಟ್ಟಿಲ ಮೇಲೆ ಕೂತು ಆ ಗಾಳಿಯ ಸದ್ದನ್ನೇ ಕೇಳಿದ. ಸಂಜೆ ಮೀಟರ್ ನೋಡಿದರೆ ಬ್ಯಾಟರಿ ಇನ್ನೂ ಅರ್ಧಕ್ಕೂ ಇಳಿದಿರಲಿಲ್ಲ.

ಸೋಮವಾರ ಅಂಗಡಿಯವಳು ಬರುವ ಹೊತ್ತಿಗೆ ಅವನು ಆಗಲೇ ಸಿಕ್ಕಿಕೊಳ್ಳುತ್ತಿದ್ದ ಷಟರಿನ ಸೊಟ್ಟ ಪಟ್ಟಿ ಕತ್ತರಿಸಿ ಹಾಕಿ, ಹೊಸದನ್ನು ಬೆಸೆಯಲು ಕೂತಿದ್ದ.

"ಅಯ್ಯೋ, ಕೇಳದೆ ಕೈ ಹಾಕಿದ್ದೀರಲ್ಲ! ಬಾಯಲ್ಲಿ ಒಂದು ಮಾತು ಹೇಳೋಕೆ ಏನು ಕಷ್ಟ?"

"ದೂರ ನಿಲ್ಲು, ಕಿಡಿ ಹಾರುತ್ತೆ." ವೆಲ್ಡರ್ ಮುಖದ ಮೇಲೆ ಕವಚ ಎಳೆದುಕೊಂಡ. ಅದರ ಹಿಂದಿನಿಂದ ಹೇಳಿದ: "ಚೆನ್ನಾಗಿ ಮಲಗಿದ್ಳು. ನಾಡಿದ್ದು ಸಮುದ್ರಕ್ಕೆ ಹೊರಡ್ತೀವಿ. ನಿನ್ನಿಂದಾನೇ."