ಎಡೆಗೆ ಮುಂಚಿನ ಉಪ್ಪು

ಗುಂಡಗುರ್ತಿಯಲ್ಲಿ ಅಂಬರಾಯನ ಮೂಗಿಗೆ ಇರುವಷ್ಟು ಮರ್ಯಾದೆ ಯಾರಿಗೂ ಇಲ್ಲ. ನಮ್ಮೂರ ಗುಡಿಯ ಸೋಮವಾರದ ದಾಸೋಹಕ್ಕೆ ಅವನೇ ಮುಖ್ಯ ಅಡುಗೆಯವ. ದೇವರಿಗೆ ಎಡೆ ಹೋಗುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಚ್ಚುವಂತಿಲ್ಲ. ಹಚ್ಚಿದರೆ ಕೊಪ್ಪರಿಗೆಯೆಲ್ಲ ಎಂಜಲು. ಈ ಮಹಾಶಯ ಬರೀ ವಾಸನೆ ಹಿಡಿದು ಉಪ್ಪು ಹೇಳುತ್ತಾನಂತೆ. ಸೌಟನ್ನು ಮೂಗಿನ ಹತ್ತಿರ ತಂದು ಇವನು ಕಣ್ಣು ಮುಚ್ಚುವುದು, ಸುತ್ತಲಿನವರು ಕೈ ಮುಗಿಯುವುದು. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಹೋದ ಶ್ರಾವಣದಲ್ಲಿ ನನ್ನ ಅವ್ವ ಸುಂದರಬಾಯಿ ಅಲ್ಲಿ ಸಾರಿನ ಹನಿಯೊಂದನ್ನು ಬೆರಳಿಗೆ ಹಚ್ಚಿ ನೆಕ್ಕಿದಳು. ಹದಿನಾಲ್ಕು ವರ್ಷ ಆ ಒಲೆಯ ಮುಂದೆ ರೊಟ್ಟಿ ಬಡಿದವಳು. ಅಂಬರಾಯ ಅದನ್ನು ಕಂಡ. ಊರವರ ಮುಂದೆ ಸಾರು ಚೆಲ್ಲಿಸಿ, "ನಾಲಿಗಿ ಹಿಡಿತ ಇಲ್ಲದಾಕಿ" ಎಂದು ಅವಳನ್ನು ಹೊರಗೆ ಹಾಕಿದ. ಅಂದಿನಿಂದ ಅವ್ವ ನಾಲ್ಕು ಜನರ ನಡುವೆ ಕೂತು ಉಂಡಿಲ್ಲ. ಮನೆಯಲ್ಲೂ ಉಪ್ಪು ನೋಡುವುದನ್ನು ಬಿಟ್ಟಳು. ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ನಾನು ಸುಮ್ಮನೆ ಉಣ್ಣುತ್ತಿದ್ದೆ. ಅವಳನ್ನು ಮತ್ತೆ ಆ ಒಲೆಯ ಮುಂದೆ ಕೂರಿಸಬೇಕೆಂಬ ಹಟ ಮಾತ್ರ ಒಳಗೇ ಇತ್ತು.

ನಾನು ವಾಡಿ ಪಟ್ಟಣದಲ್ಲಿ, ಕಿವಿ-ಮೂಗು-ಗಂಟಲಿನ ಡಾಕ್ಟರ್ ಜಬೀನಾ ಅವರ ದವಾಖಾನೆಯಲ್ಲಿ ನರ್ಸ್. ಒಂದು ಮಂಗಳವಾರ ಅಂಬರಾಯ ಅಲ್ಲಿಗೇ ಬಂದ. ಜೊತೆಗೆ ಗುಡಿ ಕಮಿಟಿಯ ಹಿರಿಯ ನರಸಪ್ಪ. ನನ್ನನ್ನು ಕಂಡು ಇಬ್ಬರೂ ಕಾಣದವರಂತೆ ಕುಳಿತರು.

"ಊಟಕ್ಕ ಕುಂತ್ರ ಗದ್ದದ ಕೆಳಗ ಬಲಕ್ಕ ಊದಿ ಬಾಯ್ತದ್ರಿ. ತಾಸಿನ್ಯಾಗ ಇಳೀತದ," ಎಂದ ಅಂಬರಾಯ.

ಡಾಕ್ಟರ್ ಅವನ ನಾಲಿಗೆಯಡಿ ಬೆರಳಿಟ್ಟು ಒತ್ತಿ ನೋಡಿದರು. "ಗದ್ದದ ಕೆಳಗ ಜೊಲ್ಲಿನ ಗ್ರಂಥಿ ಇರ್ತದರಿ. ಅಲ್ಲಿಂದ ಸಣ್ಣ ನಳಿಕಿಯೊಳಗ ಜೊಲ್ಲು ನಾಲಿಗಿ ಬುಡಕ್ಕ ಬರ್ತದ. ನಿಮ್ಮ ನಳಿಕ್ಯಾಗ ಹರಳು ಕುಂತದ. ಬಾಯಾಗ ರುಚಿ ಬಿತ್ತಂದ್ರ ಜೊಲ್ಲು ಉಕ್ಕತದ, ದಾರಿ ಸಿಗಂಗಿಲ್ಲ, ಗ್ರಂಥಿ ಬಾಯ್ತದ. ಬರೇ ಊಟದಾಗಷ್ಟೇ ಏನ್ರಿ?"

"ಸ್ವಾಮಾರ ಹನ್ನೊಂದಕ್ಕ, ಉಪ್ಪು ಹೇಳೋ ಹೊತ್ತಿನ್ಯಾಗ, ಭಾಳ ಬಾಯ್ತದ್ರಿ," ಎಂದು ನರಸಪ್ಪನೇ ಮುಂದಾಗಿ ಹೇಳಿದ. "ಅವತ್ತ ಎಡಿ ಆಗೋತನಕ ಇಂವ ನೀರೂ ಮುಟ್ಟಂಗಿಲ್ಲ. ಉಪಾಸದ ಕಾವು ಅಂತ ತಿಳಕೊಂಡೀವ್ರಿ."

ಊರವರು ಆ ಊತಕ್ಕೂ ಕೈ ಮುಗಿಯುತ್ತಿದ್ದರಂತೆ. ಇಂಥ ಭಕ್ತರಿಗೆ ಇಂಥ ಅಡುಗೆಯವನೇ ಸರಿ.

"ಹನ್ನೊಂದಕ್ಕ ಏನು ತಿಂತೀರಿ?" ಡಾಕ್ಟರ್ ಕೇಳಿದರು.

"ಏನೂ ಇಲ್ರಿ. ಬರೇ ವಾಸನಿ."

"ವಾಸನಿಗೂ ಜೊಲ್ಲು ಬರ್ತದ. ಇಷ್ಟು ಬರಂಗಿಲ್ಲ."

ನಾನು ಊಟದ ಡಬ್ಬಿಯಿಂದ ಲಿಂಬೆ ಉಪ್ಪಿನಕಾಯಿ ತಂದೆ. ಡಾಕ್ಟರ್ ಒಪ್ಪಿ ತಲೆಯಾಡಿಸಿದ ಮೇಲೆ ಹತ್ತು ನಿಮಿಷ ಅವನ ಮೂಗಿನ ಕೆಳಗೆ ಹಿಡಿದೆ. ಅಲ್ಲಿಯೂ ಆ ಡೋಂಗಿ ಕಣ್ಣು ಮುಚ್ಚಿದ. ಗದ್ದ ಇದ್ದಂತೆಯೇ ಇತ್ತು. ಆಮೇಲೆ ಡಾಕ್ಟರ್ ಒಂದು ಚೂರನ್ನು ನಾಲಿಗೆಯ ಮೇಲಿಟ್ಟರು. ಐದು ನಿಮಿಷದಲ್ಲಿ ಗದ್ದದ ಕೆಳಗೆ ಲಿಂಬೆಯಷ್ಟು ಊದಿತು. ನರಸಪ್ಪ ಊತ ನೋಡಿದ, ಆಮೇಲೆ ಅಂಬರಾಯನ ಮುಖ ನೋಡಿದ. ಪೂಜೆ ಮಾಡಿಸಿಕೊಂಡ ಆ ಮೂಗು ಬೆವರುತ್ತಿತ್ತು.

ಡಾಕ್ಟರ್ ನಾಲಿಗೆಯಡಿ ಸಣ್ಣಗೆ ಕೊಯ್ದು ಹರಳು ತೆಗೆದರು. ಜೋಳದ ಕಾಳಿನಷ್ಟಿತ್ತು.

ಹೊರಗೆ ನರಸಪ್ಪ ನನ್ನ ಹತ್ತಿರ ಬಂದ. "ಸರಿತಾ, ಗುಡಿ ಮರ್ಯಾದಿ ಪ್ರಶ್ನೆ ಅದವಾ. ಇಲ್ಲಿದ್ದು ಇಲ್ಲೇ ಬಿಡು."

"ರೋಗಿ ಮಾತು ದವಾಖಾನಿ ದಾಟಂಗಿಲ್ರಿ. ನೀವು ಕಣ್ಣಾರೆ ಕಂಡದ್ದು ನಿಮಗ ಬಿಟ್ಟದ್ದು. ನಮ್ಮ ಮನಿ ದಾರಿ ಗೊತ್ತದಲ್ರಿ?"

ಭಾನುವಾರ ನರಸಪ್ಪ ನಮ್ಮ ಮನೆಗೆ ಬಂದ. ಪಡಸಾಲೆಯಲ್ಲಿ ಕುಳಿತು, "ಸುಂದರಬಾಯಿ, ಕಮಿಟಿಯವರು ನಿನ್ನ ಮಾಫ್ ಮಾಡ್ಯಾರ. ನಾಳಿಂದ ಬಾ," ಎಂದ.

ಮಾಫ್ ಮಾಡಿದ್ದಾರಂತೆ, ಇವರು. ನಾನು ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದೊಯ್ದಳು.

"ಸುಮ್ನಿರು. ಅಂಬರಾಯ ಬಾಗಲ ಹಿಂದ ನಿಂತು ನೆಕ್ಕೋದು ನಾ ಹದಿನಾಕು ವರ್ಷ ನೋಡೀನಿ. ಉಪ್ಪು ನೋಡದೆ ಯಾರು ಅಡಗಿ ಮಾಡ್ತಾರ?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅಷ್ಟೂ ವರ್ಷದ್ದು ಎಂಜಲಾತಿತ್ತು. ಎಷ್ಟು ಬಾಣಂತ್ಯಾರು, ಎಷ್ಟು ಮುದುಕರು ಪ್ರಸಾದ ಅಂತ ಕಣ್ಣಿಗೆ ಒತ್ತಿಕೊಂಡು ಉಂಡಾರ. ಅವರ ಹೊಟ್ಟ್ಯಾಗಿಂದು ನಾ ಹೊಲಸು ಮಾಡ್ಲೇನು?"

ಇಷ್ಟು ದಿನ ಅವಳನ್ನು ನಾನು ಪುಕ್ಕಲಿ ಅಂದುಕೊಂಡಿದ್ದೆ. ಅಂಬರಾಯನ ಮೇಲೆ ಮನಸ್ಸಿನಲ್ಲೇ ಉಗುಳಿದ್ದರಲ್ಲಿ ಅರ್ಧ ಅವಳ ಮೇಲೂ ಬಿದ್ದಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವ್ವ ತಲೆಯ ಮೇಲೆ ಸೆರಗು ಹೊದ್ದು ಹೊರಗೆ ಹೋದಳು.

"ಬರ್ತೀನ್ರಿ. ಆದ್ರ ಎಡಿ ಹೋಗೂಕಿಂತ ಮುಂಚೆ ಒಂದು ಹನಿ ಬಾಯಿಗೆ ಹಚ್ಚಿ ಉಪ್ಪು ನೋಡ್ತೀನಿ. ಬಾಗಲ ಹಿಂದ ಅಲ್ಲ, ಎಲ್ಲಾರ ಮುಂದ. ಬ್ಯಾಡಂದ್ರ ಈಗೇ ಹೇಳ್ರಿ."

ನರಸಪ್ಪ ಎರಡು ಸಲ ಉಗುಳು ನುಂಗಿದ. ನನ್ನ ಕಡೆ ನೋಡಿ, ನೆಲ ನೋಡಿದ.

"ಮುಂಜಾನಿ ಏಳಕ್ಕ ಬಾರವಾ," ಎಂದ.