ಅರವತ್ತೆರಡನೇ ಚರಂಡಿ

"ಮೇಷ್ಟ್ರೇ, ಚರಂಡಿ ಎಲ್ಲಿ?"

ಬೀರುವಿನೊಳಗೆ ತಲೆ ತೂರಿಸಿಕೊಂಡೇ ಶಾಸಕಿಯ ಕಚೇರಿಯ ಗುಮಾಸ್ತ ಟೈಪಪ್ಪ ಕೂಗಿದ. ಪಕ್ಕದ ಪಡಸಾಲೆಯಲ್ಲಿ ಅಳುತ್ತಿದ್ದವರು ಒಂದು ಗಳಿಗೆ ಅಳು ನಿಲ್ಲಿಸಿದರು. ಶಾಸಕಿಯ ದೇಹ ಹೂವಿನ ಕೆಳಗೆ ಮಲಗಿರುವಾಗ ಇಂಥ ಪ್ರಶ್ನೆ ಕೇಳುವವನ ತಲೆ ನೆಟ್ಟಗಿದೆಯೇ ಎಂದು ಯಾರೋ ಗೊಣಗಿದರು. ಆಮೇಲೆ ಅಳು ಬಿಟ್ಟಲ್ಲಿಂದ ಮುಂದುವರಿಯಿತು.

ಮೇಷ್ಟ್ರು ಅಂದರೆ ಶಾಸಕಿಯ ಒಡಹುಟ್ಟಿದ ತಮ್ಮ. ಮೂವತ್ತು ವರ್ಷ ಗಣಿತ ಪಾಠ ಹೇಳಿ ನಿವೃತ್ತರಾದವರು. ದುಃಖ ಬಂದರೆ ಬೇರೆಯವರು ಊಟ ಬಿಡುತ್ತಾರೆ, ಇವರು ಮನೆ ಒಪ್ಪ ಮಾಡುತ್ತಾರೆ. ಬೆಳಗ್ಗೆಯಿಂದ ಬಂದವರ ಚಪ್ಪಲಿಗಳನ್ನೆಲ್ಲ ಅಳತೆ ಪ್ರಕಾರ ಸಾಲಾಗಿಟ್ಟಿದ್ದರು. ಹಾರಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿದ್ದರು. ಅಳುವವರನ್ನೂ ಎತ್ತರದ ಪ್ರಕಾರ ನಿಲ್ಲಿಸಲು ಹೋಗಿ ಅತ್ತಿಗೆಯಿಂದ ಬೈಸಿಕೊಂಡಿದ್ದರು.

"ಕಳಿಸೋಕೆ ಕೊಟ್ಬಿಟ್ಟೆ ಕಣಪ್ಪ," ಅಂದರು. "ಅರವತ್ತೆರಡು ಫೈಲು, ಎಲ್ಲ ಚರಂಡಿ. ಅಕ್ಕ ಹೋದ್ಲು ಅಂತ ಜನರ ಕೆಲ್ಸ ನಿಲ್ಬಾರ್ದಲ್ಲ? ಮಣ್ಣು ಮುಗಿದ ಕೂಡ್ಲೇ ಸೀದಾ ಕಾಮಗಾರಿ ಕಚೇರಿಗೆ."

"ಯಾರ ಕೈಲಿ ಕೊಟ್ರಿ?"

"ಕೈಲಿ ಎಲ್ಲಾಗತ್ತೆ, ವ್ಯಾನಲ್ಲಿ. ಆ ಚರಂಡಿ ಕಂಟ್ರಾಕ್ಟರು ಪಾಪ, ತಾನಾಗೇ ಮುಂದೆ ಬಂದ. ಎಲ್ಲರಿಗಿಂತ ದೊಡ್ಡ ಹಾರ ಅವನ್ದೇ. ಜೋರಾಗಿ ಅತ್ತಿದ್ದೂ ಅವನೇ."

ಟೈಪಪ್ಪ ಬೀರುವಿನ ಕೆಳಗಿನ ಅರೆಯಲ್ಲೇ ಕುಸಿದು ಕೂತ. ಖಾಲಿಯಾಗಿದ್ದರಿಂದ ಜಾಗ ಸಾಕಷ್ಟಿತ್ತು.

*

ಆ ಅರವತ್ತೆರಡರಲ್ಲಿ ಒಂದರಲ್ಲೂ ಚರಂಡಿ ಇರಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ, ಅಕ್ಕ ಮೊದಲ ಸಲ ಗೆದ್ದ ವರ್ಷ, ಗಂಡನ ಏಟು ತಾಳಲಾರದೆ ಮನೆ ಬಿಟ್ಟ ಒಬ್ಬ ಹೆಂಗಸು ಕಚೇರಿಗೆ ಬಂದಿದ್ದಳು. ಟೈಪಪ್ಪ ಅವಳ ಹೆಸರು, ಈಗಿನ ವಿಳಾಸ ಎಲ್ಲ ಬರೆದು ಫೈಲನ್ನು ಮೇಜಿನ ಮೇಲಿಟ್ಟ. ಮಾರನೇ ದಿನ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಸಭ್ಯಸ್ಥ ಬೀದಿದೀಪದ ಅರ್ಜಿ ಹಿಡಿದು ಬಂದು ಎದುರು ಕೂತ, ಕಾಫಿ ಕುಡಿದ, ನಮಸ್ಕಾರ ಹೇಳಿ ಹೋದ. ಅವನಿಗೆ ತಲೆಕೆಳಗಾದ ಅಕ್ಷರ ಓದಲು ಬರುತ್ತಿತ್ತು. ಮೂರನೇ ದಿನ ಆ ಹೆಂಗಸು, ಅವನ ಹೆಂಡತಿ, ಆಸ್ಪತ್ರೆಯಲ್ಲಿದ್ದಳು.

ಅಕ್ಕ ಸಂಜೆ ಆಸ್ಪತ್ರೆಯಿಂದ ಬಂದರು. ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿ ಮೇಜಿನ ಕೆಳಗೆ ಚಾಚಿ ಕೂತರು. ಆಮೇಲೆ ಕೇಳಿದರು: "ಟೈಪಪ್ಪ, ಈ ಕಚೇರೀಲಿ ಯಾವ ನರಮನುಷ್ಯನೂ ಕೈ ಹಾಕದ ಫೈಲು ಯಾವ್ದು?"

"ಚರಂಡೀದು ಅಕ್ಕ. ನಾವೇ ಹಾಕಲ್ಲ."

"ಹಂಗಾದ್ರೆ ಇನ್ಮೇಲೆ ಇವರೆಲ್ಲ ಚರಂಡಿ."

ಅಂದಿನಿಂದ, ಹೊಡೆತ ತಿಂದು ಬಂದವರು ಬಾಗಿಲಲ್ಲಿ "ಚರಂಡಿ ಕಟ್ಕೊಂಡಿದೆ" ಅಂದರೆ ಸಾಕು, ಒಳಕೋಣೆ ತೆರೆಯುತ್ತಿತ್ತು. ಸದನದಲ್ಲಿ ಅಕ್ಕನಿಗೆ ಚರಂಡಿ ಶಾಸಕಿ ಅಂತಲೇ ಹೆಸರು ಬಿತ್ತು. ಮನೆ ಬಿಟ್ಟವಳಿಗೂ ಮಕ್ಕಳಿಗೂ ತಿಂಗಳ ಜೀವನಾಧಾರ, ಹೊಡೆದವನ ಮುಖ ನೋಡದೆ ಪರದೆಯ ಹಿಂದೆ ಕೂತು ಸಾಕ್ಷಿ ಹೇಳುವ ಹಕ್ಕು: ಇಷ್ಟೇ ಅವರ ಮಸೂದೆ. ಮೂರು ಸಲ ಬಿತ್ತು. ನಾಲ್ಕನೇ ಸಲ ಊಟದ ಹೊತ್ತು ಕಳೆದ ಮೇಲೆ ಮಂಡಿಸಿದರು. ಅರ್ಧ ಸದನ ತೂಕಡಿಸುತ್ತಿತ್ತು. ಎಚ್ಚರಾದವರು ಮತ್ತೊಂದು ಚರಂಡಿ ಅಂದುಕೊಂಡು ಕೈಯೆತ್ತಿದರು. ಕಾನೂನಾಯಿತು.

ಅರವತ್ತೆರಡನೆಯ ಫೈಲು ಆ ಕಂಟ್ರಾಕ್ಟರನ ಹೆಂಡತಿಯದು. ಮಗಳನ್ನು ಕರೆದುಕೊಂಡು ಓಡಿಹೋಗಿ ಎಂಟು ತಿಂಗಳಾಗಿತ್ತು. ಅವನು ಊರೂರು ಹುಡುಕುತ್ತಿದ್ದ. ಒಮ್ಮೆ ಅಕ್ಕನ ಎದುರೇ ಕೂತು, "ಹುಡುಕಿಕೊಡಿ ತಾಯಿ" ಅಂತ ಎರಡು ಕರವಸ್ತ್ರ ಒದ್ದೆ ಮಾಡಿ ಹೋಗಿದ್ದ. ಬರುವ ಸೋಮವಾರ ಅವಳು ಪರದೆಯ ಹಿಂದೆ ಸಾಕ್ಷಿ ಹೇಳಬೇಕು. ಅವಳಿರುವ ಮನೆಯ ವಿಳಾಸ ಫೈಲಿನ ಮೊದಲ ಹಾಳೆಯಲ್ಲೇ ಇತ್ತು.

ಯಾವ ಗಂಡಸೂ ಓದದ ಫೈಲು ಅಂತ ಹುಡುಕಿ ಹುಡುಕಿ ಇಟ್ಟ ಹೆಸರು. ಊರಿನ ಚರಂಡಿಗಳನ್ನೆಲ್ಲ ಕಟ್ಟಿದವನು ಮಾತ್ರ ಅದನ್ನು ಓದದೆ ಬಿಡಲಾರ ಎಂಬುದು ಇಪ್ಪತ್ತೊಂದು ವರ್ಷದಲ್ಲಿ ಅಕ್ಕನಿಗಾಗಲಿ ಟೈಪಪ್ಪನಿಗಾಗಲಿ ಹೊಳೆದಿರಲಿಲ್ಲ.

*

ವ್ಯಾನು ಮನೆ ಮುಂದೆಯೇ ನಿಂತಿತ್ತು. ಪಕ್ಕದ ಬಾಗಿಲು ಹಾರು ಹೊಡೆದಿತ್ತು. ಕಂಟ್ರಾಕ್ಟರ್ ಸೀಟಿನಲ್ಲಿ ಕಾಲು ಇಳಿಬಿಟ್ಟು, ಒಂದು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಫೈಲು ಆಚೀಚೆ ಹೋಗುವಾಗ ಟೈಪಪ್ಪ ಅದರ ಬೆನ್ನಿನ ಮೇಲಿನ ಸಂಖ್ಯೆ ಓದಿದ. ಅರವತ್ತೆರಡು. ಇನ್ನೇನಾಗಬೇಕು, ಕೊನೆಯದು ಯಾವಾಗಲೂ ಎಲ್ಲದರ ಮೇಲಿರುತ್ತದೆ.

"ಬನ್ನಿ ಟೈಪಪ್ಪನೋರೇ! ಏನ್ರೀ ಇದು, ಅರವತ್ತೆರಡು ದೂರು! ಒಂದಾದ್ರೂ ನನ್ನ ಕಿವಿಗೆ ಹಾಕ್ಬಾರ್ದಾ?"

"ಸಣ್ಣಪುಟ್ಟದ್ದು ಸಾರ್. ಸೊಳ್ಳೆ ಕಾಟ, ಅಷ್ಟೇ."

"ಯಾರ್ಯಾರು ದೂರಿದಾರೆ ಅಂತ ನಂಗೊತ್ತಾಗ್ಬೇಡ್ವಾ? ಹೊರಡೋದು ಹೇಗೂ ತಡ ಅಂತೆ. ಕೂತು ಒಂದೊಂದೇ ನೋಡ್ತೀನಿ." ಬೀಸುವುದು ನಿಲ್ಲಿಸಿ ಫೈಲನ್ನು ತೊಡೆಯ ಮೇಲಿಟ್ಟು ದಾರ ಹಿಡಿದ. "ಥತ್! ಏನ್ರೀ ಇಂಥಾ ಗಂಟು?"

"ಅಭ್ಯಾಸ ಸಾರ್. ಬಿಸಿಲು ಜಾಸ್ತಿ, ಒಳಗೆ ಬನ್ನಿ, ನೀರು ಕುಡೀರಿ."

"ಇಲ್ಲೇ ಆರಾಮಾಗಿದೆ." ಉಗುರಿನಿಂದ ಕೆದಕಿದ. ಆಗಲಿಲ್ಲ. ಹಲ್ಲು ಹಾಕಿದ.

ಟೈಪಪ್ಪ ಹಿಂದೆ ಸರಿದ. ಎದುರಿನ ಕಟ್ಟೆಯುದ್ದಕ್ಕೂ ಹೆಂಗಸರು ನಿಂತಿದ್ದರು, ಮೂವತ್ತು ಜನರ ಮೇಲಿದ್ದರು. ಒಬ್ಬರ ಪರಿಚಯ ಒಬ್ಬರಿಗಿಲ್ಲ. ಅವನಿಗೆ ಮಾತ್ರ ಎಲ್ಲರೂ ಗೊತ್ತು. ಪತ್ರಿಕೆಯವನೊಬ್ಬ, "ನೀವು ಯಾರ ಕಡೆಯೋರಮ್ಮ?" ಅಂತ ಕೇಳಿಕೊಂಡು ಬರುತ್ತಿದ್ದ. ಪ್ರತಿಯೊಬ್ಬಳೂ, "ಚರಂಡಿ ವಿಷಯಕ್ಕೆ ಬಂದಿದ್ದೆ" ಅನ್ನುತ್ತಿದ್ದಳು. ಅವನು ಬರೆದು ಬರೆದು ಸುಸ್ತಾಗಿ ಮೂಗು ಮುಚ್ಚಿಕೊಂಡ.

ಬಟ್ಟೆ ಹೊಲಿಯುವ ಹೆಂಗಸು ಹತ್ತಿರ ಬಂದಳು. ಅವಳು ಎಂಟನೆಯವಳು. "ಏನಣ್ಣ, ಮುಖ ಸುಣ್ಣ ಹೊಡ್ದಂಗಾಗಿದೆ?"

"ಫೈಲು ಅವನ ವ್ಯಾನಲ್ಲಿದೆ."

"ಯಾರ್ದು?"

"ಎಲ್ಲರ್ದೂ. ಕೈಲಿರೋದು ಅವನ ಹೆಂಡ್ತೀದು."

ಅವಳು ಅತ್ತ ನೋಡಿದಳು. ಕಂಟ್ರಾಕ್ಟರ್ ತಲೆ ಓರೆ ಮಾಡಿ ದವಡೆ ಹಲ್ಲಿಗೆ ಬದಲಾಯಿಸಿದ್ದ. "ಅವನನ್ನ ಅಲ್ಲಿಂದ ಏಳಿಸಿ. ಉಳಿದದ್ದು ನಾವು ನೋಡ್ಕೋತೀವಿ."

"ಹೆಂಗೆ ಏಳಿಸ್ಲಮ್ಮ?"

"ಕೂತ ಗಂಡಸನ್ನ ಏಳಿಸೋ ವಿದ್ಯೆ ಗೊತ್ತಿದ್ದಿದ್ರೆ ನಾನ್ಯಾಕೆ ಎಂಟನೇ ಚರಂಡಿ ಆಗ್ತಿದ್ದೆ?"

*

ಟೈಪಪ್ಪ ಮೇಷ್ಟ್ರನ್ನು ಅಡುಗೆಮನೆಗೆ ಎಳೆದೊಯ್ದು ನಾಲ್ಕೇ ಮಾತಿನಲ್ಲಿ ಎಲ್ಲ ಹೇಳಿದ. ಮೇಷ್ಟ್ರು ಕೈಲಿದ್ದ ಲೋಟಗಳನ್ನು ಮೆಲ್ಲಗೆ ಕೆಳಗಿಟ್ಟರು. ಸಾಲಾಗಿ ಇಡಲಿಲ್ಲ.

"ಅಕ್ಕ ನಂಗೆ ಹೇಳ್ಲೇ ಇಲ್ವಲ್ಲೋ."

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಅಂತಿದ್ರು."

"ಬರಲ್ಲ. ನಿಜ." ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ತಪ್ಪು ತೂತಿಗೆ ಹೋಯಿತು. "ಫೋಟೋದೋರು ಇದಾರಾ?"

"ಆರು ಜನ ಇದಾರೆ."

ಮೇಷ್ಟ್ರು ನೇರ ವ್ಯಾನಿನ ಮುಂದೆ ಹೋಗಿ ನಿಂತರು. ಕಿವಿ ಕೆಂಡವಾಗಿತ್ತು. ದನಿ ಎರಡು ಕಡೆ ಒಡೆಯಿತು. ಸಂಕಟ ಎಂದು ಎಲ್ಲರೂ ನಂಬಿದರು.

"ಅಕ್ಕ ಬರೆದಿಟ್ಟು ಹೋಗಿದಾಳೆ. ಪೆಟ್ಟಿಗೆ ಹೊರೋಕೆ ಮುಂದಿನ ಎಡಗಡೆ ಹೆಗಲು... ನೀವೇ ಕೊಡ್ಬೇಕಂತೆ."

ಆರು ಕ್ಯಾಮೆರಾಗಳು ತಿರುಗಿದವು. ಕಂಟ್ರಾಕ್ಟರನ ಬಾಯಲ್ಲಿ ದಾರ ಇನ್ನೂ ಇತ್ತು. ಗಂಟಿನ ಒಂದು ಎಳೆ ಸಡಿಲವಾಗಿತ್ತು.

"ನಾನಾ?"

"ನೀವೇ."

ಅವನು ದಾರ ಉಗುಳಿದ. ಕಣ್ಣೀರು ಬರಿಸಿಕೊಂಡ. ಅದು ಅವನಿಗೆ ನಲ್ಲಿ ತಿರುಗಿಸಿದಷ್ಟು ಸುಲಭ. ಕೆಳಗಿಳಿದು ನಾಲ್ಕು ಹೆಜ್ಜೆ ಹಾಕಿದ. ಟೈಪಪ್ಪನಿಗೆ ಉಸಿರು ಬಂತು. ಅಷ್ಟರಲ್ಲಿ ಅವನು ಹಿಂದಿರುಗಿ ಫೈಲನ್ನೆತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಕೊಡಿ ಸಾರ್, ನಾನು ಹಿಡ್ಕೋತೀನಿ."

"ಇರ್ಲಿ ಬಿಡ್ರೀ, ಇದೇನು ಭಾರ."

ಪೆಟ್ಟಿಗೆ ಎದ್ದಿತು. ಆರು ಹೆಗಲು, ಮುಂದಿನ ಎಡ ಮೂಲೆ ಅವನದು. ಜೀವವಿದ್ದಾಗಲೂ ಅಕ್ಕ ಹಗುರ ಆಸಾಮಿಯಾಗಿರಲಿಲ್ಲ. ಸದನದ ಎರಡು ಕುರ್ಚಿ ಮುರಿದು ಅವರ ಲೆಕ್ಕಕ್ಕೆ ಹೋಗಿದ್ದವು. ಮೊದಲ ಇಪ್ಪತ್ತು ಹೆಜ್ಜೆ ಅವನು ಒಂದೇ ಕೈಯಲ್ಲಿ ನಿಭಾಯಿಸಿದ. ಟೈಪಪ್ಪ ಅವನ ಪಕ್ಕದಲ್ಲೇ, ಕಂಕುಳಿನ ಮೇಲೆ ಕಣ್ಣು ನೆಟ್ಟು ನಡೆದ. ಫೈಲು ಜಾರಿತು, ಮತ್ತೆ ಒತ್ತಿ ಹಿಡಿದ. ಜಾರಿತು, ಒತ್ತಿದ.

ಬೀದಿ ಏರತೊಡಗಿತು. ಭಾರವೆಲ್ಲ ಹಿಂದಕ್ಕೆ ಸರಿದು ಪೆಟ್ಟಿಗೆ ವಾಲಿತು.

"ಎರಡೂ ಕೈ ಕೊಡ್ರೀ!" ಹಿಂದಿನವನು ಅರಚಿದ. "ಬೀಳಿಸ್ತೀರಾ ಅಕ್ಕನ್ನ?"

ಕಂಟ್ರಾಕ್ಟರ್ ಎರಡೂ ಕೈ ಎತ್ತಿದ. ಫೈಲು ದೊಪ್ಪೆಂದು ರಸ್ತೆಗೆ ಬಿತ್ತು. ಬಗ್ಗುವ ಹಾಗಿಲ್ಲ. ತಿರುಗುವ ಹಾಗೂ ಇಲ್ಲ, ಪೆಟ್ಟಿಗೆಯ ಅಂಚು ಕೆನ್ನೆಗೆ ಒತ್ತಿ ನಿಂತಿತ್ತು.

"ಏಯ್, ಯಾರಾದ್ರೂ ಆ ಫೈಲು ಎತ್ಕೊಳ್ರಪ್ಪಾ!"

"ಎತ್ಕೊಂಡೆ ಸಾರ್," ಹಿಂದಿನಿಂದ ಹೊಲಿಯುವವಳ ದನಿ ಬಂತು. "ನೀವು ಹುಷಾರಾಗಿ ನಡೀರಿ. ಗುಂಡಿ ಇದೆ."

ಟೈಪಪ್ಪ ತಿರುಗಿ ನೋಡಿದ. ಕೆಳಗೆ ವ್ಯಾನಿನ ಬಾಗಿಲಲ್ಲಿ ಹೆಂಗಸರು ಸಾಲು ನಿಂತಿದ್ದರು. ತನ್ನದು ಯಾವುದು ಎಂದು ನೋಡುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಕೈಗೆ ಸಿಕ್ಕ ಒಂದೋ ಎರಡೋ ಫೈಲನ್ನು ಎದೆಗೆ ಅವುಚಿಕೊಂಡು, ಸೆರಗು ಹೊದ್ದು, ಮೆರವಣಿಗೆಯ ಬಾಲದಲ್ಲಿ ಸ್ವಲ್ಪ ದೂರ ನಡೆದು, ಸಿಕ್ಕ ಸಿಕ್ಕ ಅಡ್ಡರಸ್ತೆಗೆ ಒಬ್ಬೊಬ್ಬಳೇ ತಿರುಗಿಕೊಳ್ಳುತ್ತಿದ್ದಳು. ಮೆರವಣಿಗೆ ಹಿಂದಿನಿಂದ ಕರಗುತ್ತಿತ್ತು. ಮುಂದೆ ಕಂಟ್ರಾಕ್ಟರ್, ಕತ್ತು ಓರೆಯಾಗಿ, ಎರಡೂ ಕೈ ಮೇಲೆತ್ತಿ, ಏರಿನಲ್ಲಿ ಅಕ್ಕನ ಅಡಿಯಲ್ಲಿ ಹೆಜ್ಜೆ ಹೆಜ್ಜೆಗೂ ಏದುಸಿರು ಬಿಡುತ್ತ, ಫೋಟೋದವರ ಕಡೆಗೇ ನೋಡುತ್ತ ನಡೆಯುತ್ತಿದ್ದ.